ಆಮೂರ್ ದಂಡೆಯ ಚೌಕಾಸಿ

ರಷ್ಯಾ ಮತ್ತು ಚೀನಾದ ಗಡಿಯಾಗಿ ಹರಿಯುವ ಆಮೂರ್ ನದಿಗೆ, ಎರಡೂ ದೇಶಗಳನ್ನು ಜೋಡಿಸುವ ಮೊದಲ ರೈಲು ಸೇತುವೆ ಕಟ್ಟಲು ಅವು 2008ರಲ್ಲಿ ಸಹಿ ಹಾಕಿದವು. ಸೇತುವೆಯ ಉದ್ದ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಸಿಂಹಪಾಲು ಚೀನಾದ ಟಾಂಗ್‌ಜಿಯಾಂಗ್ ಕಡೆಯದು. ಎದುರು ದಡದ ನಿಜ್ನೆಲೆನಿನ್‌ಸ್ಕೊಯೆ ಕಡೆಯಿಂದ ರಷ್ಯಾ ಕಟ್ಟಬೇಕಾಗಿದ್ದುದು ಮುನ್ನೂರು ಮೀಟರ್ ಚಿಲ್ಲರೆ, ಅಷ್ಟೆ. ಚೀನಾದವರು ತಮ್ಮ ಪಾಲಿನ ಕೆಲಸವನ್ನು 2018ರ ಹೊತ್ತಿಗೆ ಮುಗಿಸಿ ನದಿಯ ಮೇಲೆ ಬಂದು ನಿಂತರು. ಆಚೆಯಿಂದ ಬರಬೇಕಾದ ತುಂಡು ಇನ್ನೂ ಬಂದಿರಲಿಲ್ಲ. ಮಾಸ್ಕೊಗೆ ಅವಸರವೇನೂ ಇರಲಿಲ್ಲ. ಅದರ ಮುಖ ಯುರೋಪಿನ ಕಡೆಗಿತ್ತು. ಕೊನೆಗೆ ಆ ಸೇತುವೆಯ ಮೇಲೆ ಸರಕಿನ ರೈಲು ಓಡಿದ್ದು 2022ರ ನವೆಂಬರ್‌ನಲ್ಲಿ. ಆ ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಗಿ ಒಂಬತ್ತು ತಿಂಗಳಾಗಿತ್ತು, ಯುರೋಪಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಈಗ ಅವಸರವೆಲ್ಲ ರಷ್ಯಾದ್ದು.

ಈ ಎರಡು ದೇಶಗಳ ಗಡಿ ಸುಮಾರು 4,200 ಕಿಲೋಮೀಟರ್. 2022ರ ಫೆಬ್ರುವರಿ 4ರಂದು, ಯುದ್ಧಕ್ಕೆ ಮೂರು ವಾರ ಮುಂಚೆ, ಪುಟಿನ್ ಮತ್ತು ಷಿ ಜಿನ್‌ಪಿಂಗ್ ಬೀಜಿಂಗ್‌ನಲ್ಲಿ ತಮ್ಮ ಸ್ನೇಹಕ್ಕೆ ಮಿತಿಯೇ ಇಲ್ಲ ಎಂದು ಸಾರಿದರು. ಅಂದಿನಿಂದ ಒಂದು ಗುಂಪಿನ ಪಂಡಿತರು ಇದನ್ನು ಹೊಸ ಮಹಾಮೈತ್ರಿ ಎನ್ನುತ್ತಾರೆ, ಇನ್ನೊಂದು ಗುಂಪು ಇದು ಇಂದೋ ನಾಳೆಯೋ ಮುರಿದುಬೀಳುವ ಮೈತ್ರಿ ಎನ್ನುತ್ತದೆ. ಇಬ್ಬರ ಮಾತೂ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಮುನ್ನೂರು ಚಿಲ್ಲರೆ ವರ್ಷಗಳ ಈ ವ್ಯಾಪಾರದ ಕಥೆಯನ್ನು ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆಯಾ ಕಾಲದಲ್ಲಿ ಇಬ್ಬರಲ್ಲಿ ಕಾದು ಕೂರಬಲ್ಲವರು ಯಾರು? ಬೆಲೆ ಗೊತ್ತುಮಾಡುವವರು ಅವರೇ.

ಮೊದಲ ಒಪ್ಪಂದವನ್ನೇ ನೋಡಿ. 1689ರಲ್ಲಿ ನೆರ್ಚಿನ್‌ಸ್ಕ್ ಎಂಬ ಸೈಬೀರಿಯಾದ ಊರಿನಲ್ಲಿ ಝಾರ್ ದೊರೆಯ ಪ್ರತಿನಿಧಿಗಳೂ ಚೀನಾದ ಚಿಂಗ್ ಸಾಮ್ರಾಜ್ಯದ ಅಧಿಕಾರಿಗಳೂ ಎದುರುಬದುರು ಕುಳಿತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಚೀನಾ ಪರವಾಗಿ ದುಭಾಷಿಗಳಾಗಿ ಬಂದವರು ಯುರೋಪಿನ ಜೆಸ್ಯೂಟ್ ಪಾದ್ರಿಗಳು. ಹಾಗಾಗಿ ಒಪ್ಪಂದದ ಅಧಿಕೃತ ಪ್ರತಿ ಸಿದ್ಧವಾದದ್ದು ಲ್ಯಾಟಿನ್‌ನಲ್ಲಿ! ಚಿಂಗ್ ದೊರೆಗಳಿಗೆ ಬೇಕಾಗಿದ್ದುದು ಆಮೂರ್ ಕಣಿವೆ. ರಷ್ಯನ್ನರಿಗೆ ಬೇಕಾಗಿದ್ದುದು ವ್ಯಾಪಾರ, ಏಕೆಂದರೆ ಸೈಬೀರಿಯಾದಲ್ಲಿ ತುಪ್ಪಳದ ಪ್ರಾಣಿಗಳು ಹೇರಳವಾಗಿದ್ದರೂ ಆ ತುಪ್ಪಳವನ್ನು ಕೊಳ್ಳುವ ದೊಡ್ಡ ಪೇಟೆ ಇದ್ದದ್ದು ಬೀಜಿಂಗ್‌ನಲ್ಲಿ. ರಷ್ಯಾ ಅಲ್ಬಾಜಿನ್ ಕೋಟೆಯನ್ನು ಬಿಟ್ಟುಕೊಟ್ಟು ಆಮೂರ್‌ನಿಂದ ಹಿಂದೆ ಸರಿಯಿತು, ವ್ಯಾಪಾರದ ಹಕ್ಕು ಪಡೆಯಿತು.

1727ರ ಎರಡನೇ ಒಪ್ಪಂದದಿಂದ ಹುಟ್ಟಿದ್ದು ಕ್ಯಾಖ್ತಾ. ಬೈಕಲ್ ಸರೋವರದ ದಕ್ಷಿಣಕ್ಕೆ, ಮಂಗೋಲಿಯಾದ ಅಂಚಿನಲ್ಲಿ ಮೂಡಿದ ಒಂದು ಗಡಿಪೇಟೆ. ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಚೀನೀ ವರ್ತಕರ ಊರು ಮೈಮೈಚೆಂಗ್. ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ವ್ಯಾಪಾರಿಗಳು ಸಂಸಾರ ಹೂಡಿ ಬೇರುಬಿಡಬಾರದು ಎಂಬುದು ಚಿಂಗ್ ಆಡಳಿತದ ಲೆಕ್ಕಾಚಾರ. ವ್ಯವಹಾರದಲ್ಲಿ ನಾಣ್ಯ ಚಲಾಯಿಸುವಂತಿರಲಿಲ್ಲ, ಸರಕಿಗೆ ಸರಕೇ ಕೊಡಬೇಕು. ಹದಿನೆಂಟನೇ ಶತಮಾನದ ಪ್ರವಾಸಿಗರು ಅಲ್ಲಿನ ವ್ಯಾಪಾರದ ರೀತಿಯನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಚೀನೀ ವರ್ತಕ ಬೆಳಗ್ಗೆ ಕ್ಯಾಖ್ತಾಗೆ ಬಂದು ರಷ್ಯನ್ ವ್ಯಾಪಾರಿಯ ಮಳಿಗೆಯಲ್ಲಿ ತುಪ್ಪಳದ ಕಟ್ಟುಗಳನ್ನು ತಿರುವಿ ನೋಡುತ್ತಿದ್ದ. ಆಮೇಲೆ ಅವನ ಮನೆಗೆ ಹೋಗಿ ಚಹಾ ಕುಡಿಯುತ್ತ ಬೆಲೆ ಮಾತಾಡುತ್ತಿದ್ದ. ಕುದುರಿದರೆ ಇಬ್ಬರೂ ಮತ್ತೆ ಮಳಿಗೆಗೆ ಬಂದು, ಚೀನೀ ವರ್ತಕನ ಕಣ್ಣೆದುರೇ ಸರಕಿಗೆ ಮೊಹರು ಹಾಕಬೇಕು. ನಂತರ ಇಬ್ಬರೂ ಮೈಮೈಚೆಂಗ್‌ಗೆ ನಡೆದು, ರಷ್ಯನ್ನನು ತನಗೆ ಬೇಕಾದ ಚಹಾವನ್ನೋ ರೇಷ್ಮೆಯನ್ನೋ ಆರಿಸಿಕೊಂಡು, ತನ್ನ ಸರಕು ಬಂದು ಸೇರುವ ತನಕ ಅಲ್ಲೇ ಕಾವಲಿಗೆ ಒಬ್ಬ ನಂಬಿಗಸ್ತನನ್ನು ಕೂರಿಸಿ ಬರುತ್ತಿದ್ದ. ಅಪನಂಬಿಕೆಯನ್ನೇ ಅಡಿಪಾಯ ಮಾಡಿಕೊಂಡು ಕಟ್ಟಿದ ಈ ಏರ್ಪಾಟು ಒಂದು ಶತಮಾನಕ್ಕೂ ಮಿಕ್ಕಿ ನಡೆಯಿತು.

ಚಹಾ ಪೆಟ್ಟಿಗೆಗಳಿಗೆ ಹಸಿ ತೊಗಲು ಹೊಲಿದು, ಒಣಗಿ ಬಿಗಿಯಾದ ಮೇಲೆ ಸ್ಲೆಡ್ಜ್ ಮೇಲೆ ಹೇರಿ ಸೈಬೀರಿಯಾ ದಾಟಿಸುತ್ತಿದ್ದರು. ಅಚ್ಚು ಹಾಕಿದ ಇಟ್ಟಿಗೆ ಚಹಾ ಸೈಬೀರಿಯಾದ ಎಷ್ಟೋ ಕಡೆ ಹಣದ ಬದಲು ಚಲಾವಣೆಯಲ್ಲಿತ್ತು. ಇನ್ನೊಂದು ವಿಚಿತ್ರ ಸರಕು ರೂಬಾರ್ಬ್ ಬೇರು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ರೇವಲ್ ಚಿನ್ನಿ ಎಂದು ಸಿಗುತ್ತದಲ್ಲ, ಅದೇ ಬಳಗದ್ದು. ಭೇದಿಯಾಗಲೆಂದು ಕೊಡುವ ಈ ಔಷಧಕ್ಕೆ ಯುರೋಪಿನಲ್ಲಿ ಆಗ ಎಲ್ಲಿಲ್ಲದ ಬೇಡಿಕೆ. ರಷ್ಯಾದ ಸರ್ಕಾರ ಅದನ್ನು ತನ್ನ ಏಕಸ್ವಾಮ್ಯದಲ್ಲಿ ಇಟ್ಟುಕೊಂಡಿತ್ತು. ಕ್ಯಾಖ್ತಾದಲ್ಲಿ ಕೂತ ಸರ್ಕಾರಿ ಔಷಧ ಪರೀಕ್ಷಕ ಪ್ರತಿ ಬೇರನ್ನೂ ಕೊರೆದು ನೋಡಿ, ಹುಳುಕಾದದ್ದನ್ನು ಸುಡಿಸುತ್ತಿದ್ದ.

ಆದರೆ ಅಂಗಡಿಯ ಬೀಗದ ಕೈ ಇದ್ದದ್ದು ಚಿಂಗ್ ಆಡಳಿತದ ಬಳಿ. ಗಡಿಯಲ್ಲಿ ಯಾರೋ ದರೋಡೆ ಮಾಡಿದರು, ರಷ್ಯಾ ಅವರನ್ನು ಸರಿಯಾಗಿ ಶಿಕ್ಷಿಸಲಿಲ್ಲ ಎಂದರೆ ಸಾಕು, ಬೀಜಿಂಗ್ ವ್ಯಾಪಾರ ನಿಲ್ಲಿಸಿಬಿಡುತ್ತಿತ್ತು. 1785ರಲ್ಲಿ ಹಾಗೆ ಮುಚ್ಚಿದ ಬಾಗಿಲು ತೆರೆದದ್ದು 1792ರಲ್ಲಿ. ಏಳು ವರ್ಷ! ನಡುವೆ ಸಮುದ್ರ ಮಾರ್ಗದಲ್ಲಿ ಸುತ್ತು ಹಾಕಿ ರಷ್ಯಾಕ್ಕೆ ಸೇರೀತು ಎಂಬ ಅನುಮಾನದಿಂದ ಚಿಯೆನ್‌ಲುಂಗ್ ಚಕ್ರವರ್ತಿ ಕ್ಯಾಂಟನ್ ಬಂದರಿನಿಂದಲೂ ರೂಬಾರ್ಬ್ ಸಾಗಣೆಯನ್ನು ತಡೆದ. ಚಹಾ ಕುಡಿಯುವ ಚಟ ರಷ್ಯನ್ನರಿಗೆ ಹಿಡಿದಿತ್ತು. ತುಪ್ಪಳವಿಲ್ಲದೆ ಚೀನಾದ ಶ್ರೀಮಂತರು ಹೇಗೋ ಚಳಿಗಾಲ ಕಳೆಯಬಲ್ಲವರಾಗಿದ್ದರು.

ಹತ್ತೊಂಬತ್ತನೇ ಶತಮಾನದಲ್ಲಿ ತಕ್ಕಡಿ ತಿರುಗಿತು. ಅಫೀಮು ಯುದ್ಧಗಳಿಂದಲೂ ತೈಪಿಂಗ್ ದಂಗೆಯಿಂದಲೂ ಚಿಂಗ್ ಆಡಳಿತ ಬಸವಳಿದಿದ್ದಾಗ ರಷ್ಯಾ 1858ರ ಐಗುನ್ ಮತ್ತು 1860ರ ಪೀಕಿಂಗ್ ಒಪ್ಪಂದಗಳಲ್ಲಿ ಆಮೂರ್‌ನ ಎಡದಂಡೆಯನ್ನೂ ಪೆಸಿಫಿಕ್ ಕರಾವಳಿಯನ್ನೂ ತನ್ನದಾಗಿಸಿಕೊಂಡಿತು. ವ್ಲಾಡಿವೊಸ್ಟಾಕ್ ಹುಟ್ಟಿದ್ದೇ 1860ರಲ್ಲಿ. 1896ರಲ್ಲಿ ಪಡೆದ ಪರವಾನಗಿಯ ಬಲದಿಂದ ಚೀನಾದ ಮಂಚೂರಿಯಾವನ್ನು ಸೀಳಿಕೊಂಡು ರಷ್ಯನ್ ಗೇಜಿನ ರೈಲುಹಳಿ ಹಾಕಿತು. ಹಾರ್ಬಿನ್ ನಗರ ಬೆಳೆದದ್ದು ಆ ಹಳಿಯ ಮೇಲೆ. 1900ರ ಜುಲೈನಲ್ಲಿ, ಬಾಕ್ಸರ್ ದಂಗೆಯ ಗಾಬರಿಯಲ್ಲಿ, ಬ್ಲಾಗೊವೆಶ್ಚೆನ್‌ಸ್ಕ್ ಊರಿನ ಸಾವಿರಾರು ಚೀನೀಯರನ್ನು ಕೊಸಾಕ್ ಸೈನಿಕರು ಆಮೂರ್ ನದಿಗೆ ಅಟ್ಟಿದರು. ಬಹಳ ಮಂದಿ ಮುಳುಗಿ ಸತ್ತರು. ಎದುರು ದಡದಲ್ಲಿ ಇದನ್ನು ಯಾರೂ ಮರೆತಿಲ್ಲ. ಇತ್ತ ಕ್ಯಾಖ್ತಾ ಸೊರಗಿತು: 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಚಹಾ ಹಡಗು ಹತ್ತಿತು, ಮುಂದೆ ಟ್ರಾನ್ಸ್-ಸೈಬೀರಿಯನ್ ರೈಲು ಕ್ಯಾಖ್ತಾವನ್ನು ಪಕ್ಕಕ್ಕೆ ಬಿಟ್ಟು ಹೋಯಿತು.

ಆ ಕಾಲದ ಒಂದು ಉಳಿಕೆ ಇಂದಿಗೂ ಗಡಿಯಲ್ಲಿ ಗಂಟೆಗಟ್ಟಲೆ ಹೊತ್ತು ತಿನ್ನುತ್ತದೆ. ರಷ್ಯಾದ ಹಳಿಗಳ ಅಗಲ 1,520 ಮಿಲಿಮೀಟರ್, ಚೀನಾದ್ದು 1,435. ಹುಬ್ಬಳ್ಳಿ ಕಡೆಯಿಂದ ಮುಂಬೈಗೆ ಹೊರಟು, ಮೀಟರ್‌ಗೇಜ್ ಮುಗಿದ ಮೀರಜ್‌ನಲ್ಲಿ ಗಂಟುಮೂಟೆ ಇಳಿಸಿ ಬ್ರಾಡ್‌ಗೇಜ್ ರೈಲು ಹತ್ತಿದ ಹಿರಿಯರಿಗೆ ಈ ತಾಪತ್ರಯ ವಿವರಿಸಬೇಕಿಲ್ಲ. ಚೀನಾದ ಮಂಝೌಲಿ ಮತ್ತು ರಷ್ಯಾದ ಝಬೈಕಾಲ್‌ಸ್ಕ್ ನಡುವೆಯೂ, ಹಾಗೆಯೇ ಕಝಾಕ್‌ಸ್ತಾನದ ಗಡಿಯ ಖೋರ್ಗಸ್‌ನಲ್ಲೂ, ಕಂಟೇನರುಗಳನ್ನು ಕ್ರೇನಿನಿಂದ ಎತ್ತಿ ಬೇರೆ ಗೇಜಿನ ವ್ಯಾಗನ್ನಿಗೆ ಇಳಿಸಬೇಕು. ಪ್ರಯಾಣಿಕರ ರೈಲಾದರೆ ಇಡೀ ಬೋಗಿಯನ್ನು ಜಾಕಿ ಕೊಟ್ಟು ಎತ್ತಿ, ಕೆಳಗಿನ ಗಾಲಿಗಳ ಸೆಟ್ಟನ್ನೇ ಬದಲಿಸುತ್ತಾರೆ. ಎಂಬತ್ತೈದು ಮಿಲಿಮೀಟರ್, ಎಂದರೆ ಅಂಗೈಯ ಅಗಲದಷ್ಟು ವ್ಯತ್ಯಾಸ. ಇದನ್ನು ಸರಿಮಾಡಲು ತಂತ್ರಜ್ಞಾನದ ಅಡ್ಡಿಯೇನಿಲ್ಲ. ಆದರೆ ಪಕ್ಕದ ಮನೆಯ ಗೇಜನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳುವುದೆಂದರೆ ಏನೆಂದು ಮಂಚೂರಿಯಾದ ಅನುಭವ ಎರಡೂ ಕಡೆಗೆ ಕಲಿಸಿದೆ.

ಸೋವಿಯತ್ ಕಾಲವನ್ನು ಬೇಗ ದಾಟೋಣ. 1950ರಲ್ಲಿ ಮಾವೊ ಮತ್ತು ಸ್ಟಾಲಿನ್ ನಡುವಣ ಒಪ್ಪಂದ, 1960ರಲ್ಲಿ ಕ್ರುಶ್ಚೆವ್ ತಜ್ಞರನ್ನು ವಾಪಸ್ ಕರೆಸಿಕೊಂಡದ್ದು, 1969ರ ಮಾರ್ಚ್‌ನಲ್ಲಿ ಉಸುರಿ ನದಿಯ ಒಂದು ನಡುಗಡ್ಡೆಗಾಗಿ ಗುಂಡಿನ ಕಾಳಗ, 1989ರ ಮೇನಲ್ಲಿ ಗೊರ್ಬಚೆವ್ ಬೀಜಿಂಗ್ ಭೇಟಿ. ನಡುವಿನ ಇಪ್ಪತ್ತು ವರ್ಷ ವ್ಯಾಪಾರ ಹೆಸರಿಗಷ್ಟೇ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ಆಮೂರ್ ದಂಡೆಯ ಹೈಹೆ ಊರಿನವರು ಕಲ್ಲಂಗಡಿ ಹಣ್ಣು ಕೊಟ್ಟು ಸೋವಿಯತ್ ರಸಗೊಬ್ಬರ ತಂದುಕೊಂಡದ್ದನ್ನು ಗಡಿ ವ್ಯಾಪಾರದ ಮರುಹುಟ್ಟು ಎಂದು ಆ ಊರು ಇಂದಿಗೂ ಹೇಳಿಕೊಳ್ಳುತ್ತದೆ. ಗಡಿ ತಕರಾರು ಪೂರ್ತಿ ಇತ್ಯರ್ಥವಾದದ್ದು 2008ರಲ್ಲಿ.

ಅನಿಲದ ವಿಷಯಕ್ಕೆ ಬಂದರೆ ಮಾತು ನಿಧಾನವಾಗಬೇಕು, ಏಕೆಂದರೆ ಇಡೀ ಸಂಬಂಧದ ಗುಟ್ಟು ಅಲ್ಲಿದೆ. ತೈಲವಾದರೆ ಹಡಗಿಗೆ ತುಂಬಿ ಯಾರಿಗೆ ಬೇಕಾದರೂ ಮಾರಬಹುದು. ಕೊಳವೆಯಲ್ಲಿ ಹೋಗುವ ಅನಿಲ ಹಾಗಲ್ಲ. ಕೊಳವೆಯ ಇನ್ನೊಂದು ತುದಿಯಲ್ಲಿ ಇರುವ ಗಿರಾಕಿ ಒಬ್ಬನೇ. ಒಮ್ಮೆ ಹೂತ ಮೇಲೆ ಅದನ್ನು ಬೇರೆಡೆಗೆ ತಿರುಗಿಸಲಾಗದು. ರಷ್ಯಾ ಮತ್ತು ಚೀನಾ ಈ ಬಗ್ಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಚೌಕಾಸಿ ಮಾಡಿದವು. 2014ರ ಮಾರ್ಚ್‌ನಲ್ಲಿ ಕ್ರಿಮಿಯಾವನ್ನು ಸೇರಿಸಿಕೊಂಡ ರಷ್ಯಾದ ಮೇಲೆ ಪಶ್ಚಿಮದ ನಿರ್ಬಂಧಗಳು ಬಿದ್ದವು. ಮೇ ತಿಂಗಳಲ್ಲಿ ಪುಟಿನ್ ಶಾಂಘೈಗೆ ಬಂದರು. ಬೆಲೆಯ ಮಾತುಕತೆ ಬೆಳಗಿನ ಜಾವದವರೆಗೂ ನಡೆಯಿತು, ಆಮೇಲೆ ಸಹಿ ಬಿತ್ತು: 30 ವರ್ಷ, ವರ್ಷಕ್ಕೆ 3,800 ಕೋಟಿ ಘನ ಮೀಟರ್ ಅನಿಲ, ಒಟ್ಟು ಮೌಲ್ಯ ಸುಮಾರು 40,000 ಕೋಟಿ ಡಾಲರ್. ಬೆಲೆ ಎಷ್ಟೆಂದು ಅಧಿಕೃತವಾಗಿ ಯಾರೂ ಹೇಳಲಿಲ್ಲ. ಹತ್ತು ವರ್ಷ ಕುದುರದ ವ್ಯಾಪಾರ ಎರಡು ತಿಂಗಳಲ್ಲಿ ಕುದುರಿದರೆ ಯಾರು ಬಗ್ಗಿದರು ಎಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಡ. ‘ಪವರ್ ಆಫ್ ಸೈಬೀರಿಯಾ’ ಎಂಬ ಆ ಕೊಳವೆಯಲ್ಲಿ 2019ರ ಡಿಸೆಂಬರ್‌ನಿಂದ ಅನಿಲ ಹರಿಯುತ್ತಿದೆ.

ಇಲ್ಲೊಂದು ಭೂಗೋಳದ ತೊಡಕಿದೆ. ಈ ಕೊಳವೆಗೆ ಅನಿಲ ಬರುವುದು ಪೂರ್ವ ಸೈಬೀರಿಯಾದ ಚಯಾಂದಾ, ಕೊವಿಕ್ತಾ ನಿಕ್ಷೇಪಗಳಿಂದ. ಯುರೋಪಿಗೆ ಹೋಗುತ್ತಿದ್ದದ್ದು ಪಶ್ಚಿಮ ಸೈಬೀರಿಯಾದ, ಯಮಾಲ್ ಪರ್ಯಾಯ ದ್ವೀಪದ ಅನಿಲ. ಎರಡನ್ನೂ ಜೋಡಿಸುವ ಕೊಳವೆಯೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರತಳದ ನಾರ್ಡ್ ಸ್ಟ್ರೀಮ್ ಕೊಳವೆಗಳು ಸ್ಫೋಟಗೊಂಡವು, 2025ರ ಜನವರಿ 1ರಂದು ಉಕ್ರೇನ್ ಮೂಲಕದ ಹರಿವೂ ನಿಂತಿತು. ಯಮಾಲ್‌ನ ಅನಿಲಕ್ಕೆ ದಿಕ್ಕಿಲ್ಲದಂತಾಯಿತು. ‘ಯುರೋಪ್ ಬೇಡವೆಂದರೆ ಚೀನಾಕ್ಕೆ ಕೊಡುತ್ತೇವೆ’ ಎಂದು ಟಿವಿಯಲ್ಲಿ ಹೇಳುವುದು ಸುಲಭ. ಅದಕ್ಕೆ ಮಂಗೋಲಿಯಾ ದಾಟಿ ಹೋಗುವ ಸುಮಾರು 2,600 ಕಿಲೋಮೀಟರಿನ ಹೊಸ ಕೊಳವೆ ಬೇಕು: ‘ಪವರ್ ಆಫ್ ಸೈಬೀರಿಯಾ–2’, ವರ್ಷಕ್ಕೆ 5,000 ಕೋಟಿ ಘನ ಮೀಟರ್ ಸಾಮರ್ಥ್ಯದ್ದು. ರಷ್ಯಾ ಪ್ರತಿ ಭೇಟಿಯಲ್ಲೂ ಈ ಮಾತು ಎತ್ತಿತು, ಚೀನಾ ಪ್ರತಿ ಸಲವೂ ನಕ್ಕು ತಲೆಯಾಡಿಸಿ ಕಳಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಇದಕ್ಕೆ ಬದ್ಧತೆಯ ಜ್ಞಾಪಕಪತ್ರಕ್ಕೆ ಸಹಿಯಾಗಿದೆ ಎಂದು ರಷ್ಯಾದ ಅನಿಲ ಕಂಪನಿ ಗಾಜ್‌ಪ್ರಾಮ್ ಸಾರಿತು. ಬೆಲೆಯನ್ನು ಆಮೇಲೆ ಗೊತ್ತುಮಾಡುವುದಾಗಿಯೂ ಹೇಳಿತು. ಬೆಲೆಯನ್ನು ಬಿಟ್ಟರೆ ಉಳಿದದ್ದೆಲ್ಲ ಇತ್ಯರ್ಥವಾದ ವ್ಯಾಪಾರ!

ಚೀನಾ ಹೀಗೆ ಕಾಯಲು ಸಾಧ್ಯವಾದದ್ದು ಹೇಗೆ? ಅದು ಗಿರಾಕಿಯಾಗಿ ಹಲವು ಅಂಗಡಿಗಳಲ್ಲಿ ಖಾತೆ ತೆರೆದಿಟ್ಟಿದೆ. 2009ರಿಂದ ತುರ್ಕ್‌ಮೆನಿಸ್ತಾನದ ಅನಿಲ ಮಧ್ಯ ಏಷ್ಯಾದ ಕೊಳವೆಗಳಲ್ಲಿ ಬರುತ್ತಿದೆ. 2013ರಲ್ಲಿ ಮ್ಯಾನ್ಮಾರ್‌ನಿಂದ ಇನ್ನೊಂದು ಕೊಳವೆ ಬಂತು. ಕತಾರ್, ಆಸ್ಟ್ರೇಲಿಯಾಗಳಿಂದ ದ್ರವೀಕೃತ ಅನಿಲದ ಹಡಗುಗಳು ಬರುತ್ತವೆ. ತನಗೆ ಬೇಕಾದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತನ್ನ ನೆಲದಲ್ಲೇ ತೆಗೆಯುತ್ತದೆ. ಯಾವ ಒಬ್ಬ ಮಾರಾಟಗಾರನ ಕೈಗೂ ಜುಟ್ಟು ಕೊಡಬಾರದು ಎಂಬ ಈ ಎಚ್ಚರ ಸ್ನೇಹದ ಭಾಷಣಗಳಿಂದ ಒಂದಿಷ್ಟೂ ಕರಗಿಲ್ಲ.

ಅಂಕಿ ಅಂಶಗಳೂ ಅದನ್ನೇ ಹೇಳುತ್ತವೆ. 2021ರಲ್ಲಿ 14,700 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಎರಡೂ ದೇಶಗಳ ವ್ಯಾಪಾರ 2024ರಲ್ಲಿ 24,500 ಕೋಟಿ ಡಾಲರ್ ಮುಟ್ಟಿತು. ರಷ್ಯಾದ ಒಟ್ಟು ವಿದೇಶ ವ್ಯಾಪಾರದಲ್ಲಿ ಚೀನಾದ ಪಾಲು ಈಗ ಸುಮಾರು ಮೂರನೇ ಒಂದು. ಚೀನಾದ ವ್ಯಾಪಾರದಲ್ಲಿ ರಷ್ಯಾದ ಪಾಲು? ನೂರಕ್ಕೆ ನಾಲ್ಕು.

ಮಾಸ್ಕೊದ ರಸ್ತೆಗಳಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಯುದ್ಧಕ್ಕೆ ಮುಂಚೆ ಅಲ್ಲಿ ಕೊರಿಯಾ, ಯುರೋಪ್, ಜಪಾನ್‌ನ ಕಾರುಗಳದ್ದೇ ಭರಾಟೆ. ಅವು ಹೊರನಡೆದ ಜಾಗಕ್ಕೆ ಹವಾಲ್, ಚೆರಿ, ಗೀಲಿ ಬಂದವು. 2023ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನೀ ಬ್ರ್ಯಾಂಡಿನವು. ರೆನೊ ಕಂಪನಿ ಬಿಟ್ಟುಹೋದ ಮಾಸ್ಕೊ ಕಾರ್ಖಾನೆಯಲ್ಲಿ ಸೋವಿಯತ್ ಕಾಲದ ‘ಮಾಸ್ಕ್‌ವಿಚ್’ ಹೆಸರಿಗೆ ಮರುಜೀವ ಕೊಟ್ಟರು. ಹೆಸರು ರಷ್ಯಾದ್ದು, ಒಳಗಿನ ಕಾರು ಚೀನಾದ ಜ್ಯಾಕ್ ಕಂಪನಿಯದು. ಇದು ರಷ್ಯನ್ನರಿಗೂ ಕಸಿವಿಸಿಯಾಗದೆ ಇರಲಿಲ್ಲ. 2024ರ ಅಕ್ಟೋಬರ್‌ನಿಂದ ಆಮದು ಕಾರುಗಳ ಮೇಲಿನ ‘ಮರುಬಳಕೆ ಶುಲ್ಕ’ವನ್ನು ಸರ್ಕಾರ ಭಾರಿ ಏರಿಸಿತು. ಹೆಸರು ಪರಿಸರದ್ದಾದರೂ ಕೆಲಸ ಸುಂಕದ್ದೇ.

ಇನ್ನು ಬ್ಯಾಂಕಿನ ಕೌಂಟರ್. ರಷ್ಯಾದ ಯುದ್ಧೋದ್ಯಮಕ್ಕೆ ನೆರವಾಗುವ ಯಾವ ದೇಶದ ಬ್ಯಾಂಕಿನ ಮೇಲಾದರೂ ಕ್ರಮ ಕೈಗೊಳ್ಳುತ್ತೇವೆ ಎಂದು ಅಮೆರಿಕ 2023ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿತು. ಮಿತಿಯಿಲ್ಲದ ಸ್ನೇಹದ ಮಿತಿ ಕೆಲವೇ ವಾರಗಳಲ್ಲಿ ಕಂಡುಬಂತು. ಚೀನಾದ ಬ್ಯಾಂಕುಗಳು ರಷ್ಯಾದಿಂದ ಬರುವ ಹಣಕ್ಕೆ ಕಾಗದದ ಮೇಲೆ ಕಾಗದ ಕೇಳತೊಡಗಿದವು, ಕೆಲವು ವ್ಯವಹಾರವನ್ನೇ ನಿಲ್ಲಿಸಿದವು. ಅಮೆರಿಕದ ಪೇಟೆಯ ಮುಂದೆ ರಷ್ಯಾದ ಪೇಟೆ ಅವಕ್ಕೆ ಚಿಕ್ಕದು. ರಷ್ಯಾದ ಆರ್ಥಿಕ ಸಚಿವಾಲಯ 2024ರಲ್ಲಿ ವ್ಯಾಪಾರಿಗಳಿಗಾಗಿ ಒಂದು ಕೈಪಿಡಿ ತಂದಿತು: ಹಣವಿಲ್ಲದೆ ಸರಕಿಗೆ ಸರಕು ವಿನಿಮಯ ಮಾಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ. ಕ್ಯಾಖ್ತಾದ ವರ್ತಕರು ಓದಿದ್ದರೆ ಹೊಸದೇನಿದೆ ಎನ್ನುತ್ತಿದ್ದರೇನೋ.

ನಮ್ಮ ದೇಶವೂ ಈ ಚೌಕಾಸಿಯ ಕಟ್ಟೆಗೆ ಬಂದು ಕುಳಿತಿದೆ. ಯುದ್ಧಕ್ಕೆ ಮುಂಚೆ ಭಾರತದ ಕಚ್ಚಾತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡರಷ್ಟೂ ಕಷ್ಟ. ಎರಡೇ ವರ್ಷದಲ್ಲಿ ಅದು ಮೂರನೇ ಒಂದು ಭಾಗ ಮೀರಿತು. ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ಗೂ ರಷ್ಯಾದ ತೈಲ ಬಂದಿಳಿಯಿತು. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. 2024ರಲ್ಲಿ ಚೀನಾ ರಷ್ಯಾದಿಂದ ಸುಮಾರು 12,900 ಕೋಟಿ ಡಾಲರ್ ಮೌಲ್ಯದ ಸರಕು ಕೊಂಡಿತು, 11,500 ಕೋಟಿಯದ್ದು ಮಾರಿತು. ರಷ್ಯಾದ ಕೈಗೆ ಬಂದ ಯುವಾನ್ ಅಲ್ಲೇ ಕಾರು, ಫೋನು, ಯಂತ್ರಗಳಿಗೆ ಖರ್ಚಾಗುತ್ತದೆ. 2024–25ರಲ್ಲಿ ಭಾರತ ಕೊಂಡದ್ದು 6,000 ಕೋಟಿ ಡಾಲರ್‌ಗೂ ಹೆಚ್ಚು, ಮಾರಿದ್ದು 500 ಕೋಟಿಗೂ ಕಡಿಮೆ. ರೂಪಾಯಿಯಲ್ಲಿ ಪಾವತಿ ಮಾಡಿದರೆ ಆ ರೂಪಾಯಿಯಿಂದ ರಷ್ಯಾ ಕೊಳ್ಳುವುದೇನನ್ನು? 2023ರ ಮೇನಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ನೂರಾರು ಕೋಟಿ ರೂಪಾಯಿ ಸುಮ್ಮನೆ ಬಿದ್ದಿದೆ ಎಂದು ಬಹಿರಂಗವಾಗಿಯೇ ಹೇಳಿದರು. ರೂಪಾಯಿಯನ್ನು ಜಾಗತಿಕ ಕರೆನ್ಸಿ ಮಾಡುವ ಭಾಷಣಗಳನ್ನು ಕೇಳುವಾಗ ನನಗೆ ನೆನಪಾಗುವುದು ಈ ಮಾತು. ಕರೆನ್ಸಿಗೆ ಬೆಲೆ ಬರುವುದು ಕಾರ್ಖಾನೆಯಿಂದ, ಘೋಷಣೆಯಿಂದಲ್ಲ. ಜೊತೆಗೆ ಈ ಅಗ್ಗದ ತೈಲಕ್ಕೆ ಬೇರೆ ಕಡೆ ಬೆಲೆ ತೆರಬೇಕಾಯಿತು: 2025ರ ಆಗಸ್ಟ್‌ನಲ್ಲಿ ಅಮೆರಿಕ ಇದೇ ಕಾರಣ ಕೊಟ್ಟು ಭಾರತದ ಸರಕುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹಾಕಿತು. ಚೀನಾ ಇನ್ನೂ ಹೆಚ್ಚು ರಷ್ಯನ್ ತೈಲ ಕೊಳ್ಳುತ್ತಿದ್ದರೂ ಆ ದಂಡ ಅದಕ್ಕೆ ಬೀಳಲಿಲ್ಲ.

ಚೀನೀಯರು ಸೈಬೀರಿಯಾಕ್ಕೆ ನುಗ್ಗಿ ಅದನ್ನು ನುಂಗಿಬಿಡುತ್ತಾರೆ ಎಂಬ ಭಯವನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇವೆ. ರಷ್ಯಾದ ಇಡೀ ದೂರಪೂರ್ವ ಪ್ರದೇಶದಲ್ಲಿ ಇರುವವರು ಸುಮಾರು 80 ಲಕ್ಷ ಜನ. ಗಡಿಗೆ ಅಂಟಿದ ಚೀನಾದ ಹೈಲುಂಗ್‌ಜಿಯಾಂಗ್ ಪ್ರಾಂತ್ಯವೊಂದರಲ್ಲೇ ಸುಮಾರು 3 ಕೋಟಿ. ಆದರೆ ಆ ಪ್ರಾಂತ್ಯದ ಜನಸಂಖ್ಯೆಯೂ 2010–20ರ ನಡುವೆ 60 ಲಕ್ಷಕ್ಕೂ ಹೆಚ್ಚು ಕುಸಿದಿದೆ. ಅಲ್ಲಿನ ಹುಡುಗರು ಕೆಲಸ ಹುಡುಕಿ ಹೋಗುವುದು ದಕ್ಷಿಣದ ಬೆಚ್ಚಗಿನ ನಗರಗಳಿಗೆ. ಹಿಮಗಟ್ಟುವ ಸೈಬೀರಿಯಾಕ್ಕೆ ಹೋಗಿ ಅವರು ಮಾಡುವುದೇನು? ನೆಲದ ನೆನಪು ಮಾತ್ರ ಬೇರೆ ವಿಷಯ. ವ್ಲಾಡಿವೊಸ್ಟಾಕ್ ಸೇರಿ ಎಂಟು ಸ್ಥಳಗಳಿಗೆ ಹಳೆಯ ಚೀನೀ ಹೆಸರನ್ನೂ ಜೊತೆಯಲ್ಲಿ ಮುದ್ರಿಸಬೇಕೆಂದು ಚೀನಾ 2023ರಲ್ಲಿ ತನ್ನ ನಕ್ಷೆಗಳಿಗೆ ನಿಯಮ ಮಾಡಿತು. ಅದೇ ವರ್ಷದ ಜೂನ್‌ನಲ್ಲಿ ತನ್ನ ಜಿಲಿನ್ ಪ್ರಾಂತ್ಯದ ಸರಕನ್ನು ವ್ಲಾಡಿವೊಸ್ಟಾಕ್ ಬಂದರಿನ ಮೂಲಕ ದಕ್ಷಿಣ ಚೀನಾಕ್ಕೆ ಸಾಗಿಸಲೂ ಆರಂಭಿಸಿತು. ಮಾಸ್ಕೊ ಎರಡಕ್ಕೂ ದನಿ ಎತ್ತಲಿಲ್ಲ.

ಈ ನಡುವೆ ಇನ್ನೊಂದು ಚಿಕ್ಕ ಕೊಳವೆಯ ಕೆಲಸ ಸಾಗಿದೆ. ಸಖಾಲಿನ್ ಕಡೆಯ ಅನಿಲವನ್ನು 2027ರಲ್ಲಿ ಚೀನಾಕ್ಕೆ ಹರಿಸುವ ಯೋಜನೆ. ಅದು ಗಡಿ ದಾಟುವುದು ಉಸುರಿ ನದಿಯ ಸಮೀಪದ ದಾಲ್ನೆರೆಚೆನ್‌ಸ್ಕ್ ಬಳಿ. ಆಚೆ ದಡದಲ್ಲಿ ಹುಲಿನ್. 1972ರವರೆಗೆ ಈ ರಷ್ಯನ್ ಊರಿನ ಹೆಸರು ಇಮಾನ್. ಚೀನಾದ ವಾಸನೆ ಬಡಿಯುವ ನೂರಾರು ಹೆಸರುಗಳನ್ನು ಸೋವಿಯತ್ ಸರ್ಕಾರ ಆ ವರ್ಷ ಬದಲಿಸಿದಾಗ ಅದೂ ಬದಲಾಯಿತು. 1969ರಲ್ಲಿ ದಮಾನ್‌ಸ್ಕಿ ನಡುಗಡ್ಡೆಗಾಗಿ ಹೋರಾಡಿ ಸತ್ತ ಸೋವಿಯತ್ ಗಡಿ ಕಾವಲುಗಾರರು ಇಮಾನ್ ತುಕಡಿಯವರು. ಝೆನ್‌ಬಾವ್ ಎಂದು ಚೀನೀಯರು ಕರೆಯುವ ಆ ನಡುಗಡ್ಡೆ ಈಗ ಚೀನಾದ್ದು, ಹುಲಿನ್ ಆಡಳಿತಕ್ಕೆ ಸೇರಿದ್ದು. ಒಪ್ಪಂದವಾದಾಗ ವರ್ಷಕ್ಕೆ 1,000 ಕೋಟಿ ಘನ ಮೀಟರ್ ಎಂದಿದ್ದ ಈ ಅನಿಲದ ಪ್ರಮಾಣವನ್ನು 2025ರಲ್ಲಿ 1,200 ಕೋಟಿಗೆ ಏರಿಸಲು ಎರಡೂ ಕಡೆ ಒಪ್ಪಿವೆ.